ನಾನು ಹಗುರ ಮಾಡದ ರೈಫಲ್

ಇಪ್ಪತ್ತೊಂದು ವರ್ಷ ನಾನು ಬಂದೂಕುಗಳ ನಡುವೆ ಕೆಲಸ ಮಾಡಿದೆ. ಪರೀಕ್ಷೆಗೆಂದು ಗುರಿಹಲಗೆಗೆ ಹೊಡೆದದ್ದು ಬಿಟ್ಟರೆ ಯಾವ ಜೀವದ ಮೇಲೂ ಒಂದು ಗುಂಡು ಹಾರಿಸಿದವನಲ್ಲ. ಮೈಸೂರಿನ ನಮ್ಮ ಮನೆಗೆ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಇಂಥವನು ಡಬ್ಲಿನ್‌ನಿಂದ ದಕ್ಷಿಣಕ್ಕಿರುವ ಕಾರ್ಕ್ ನಗರದ ಒಂದು ಬೇಟೆ ಬಂದೂಕಿನ ಅಂಗಡಿಯಲ್ಲಿ, ಬೆಟ್ಟ ಹತ್ತುವವರ ರೈಫಲ್ ರಿಪೇರಿ ಮಾಡಿಕೊಂಡೇ ನಿವೃತ್ತನಾದೆ ಎಂದರೆ ಕೇಳಿದವರು ನಗುತ್ತಾರೆ. ನಮ್ಮಮ್ಮನಿಗಂತೂ ಮೊದಲ ಎರಡು ವರ್ಷ "ಕಬ್ಬಿಣದ ಕೆಲಸ" ಎಂದಷ್ಟೇ ಹೇಳಿದ್ದೆ.

ಇಲ್ಲಿನ ಕನ್ನಡ ಬಳಗದ ಸಂಚಿಕೆಗೆ ಪ್ರತಿವರ್ಷ ಡಾಕ್ಟರುಗಳೂ ಸಾಫ್ಟ್‌ವೇರಿನವರೂ ಬರೆಯುತ್ತಾರೆ. ಈ ಸಲ ಅದರ ಹೊಣೆ ಹೊತ್ತ ಹುಡುಗಿ ಫೋನ್ ಮಾಡಿ, "ಅಂಕಲ್, ಐಟಿ ಬಿಟ್ಟು ಕೈಕೆಲ್ಸ ಕಲಿಯೋಕೆ ಬರ್ತಿರೋ ನಮ್ಮವರೂ ಈಗ ಇದಾರೆ. ಅವರಿಗೋಸ್ಕರ ಬರೀರಿ, ನಿಜವಾಗ್ಲೂ ಹೆಂಗಿತ್ತು ಅಂತ" ಎಂದಳು. ನಿಜವಾಗಿ ಹೇಗಿತ್ತು ಎಂದು ಹೇಳಲು ನನಗೆ ಅಂಗಡಿಯ ಯಜಮಾನರ ಕಥೆ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ.

ಮೈಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಹೆಂಡತಿ ವನಜಳಿಗೆ ಕಾರ್ಕ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳು ಮೊದಲು ಬಂದಳು. ಆರು ತಿಂಗಳ ಮೇಲೆ ಮಗಳು ಸಿರಿಯನ್ನು ಕರೆದುಕೊಂಡು ನಾನು ಬಂದೆ. ಕೆಲಸ ಹುಡುಕಿಕೊಂಡು ಬೀದಿ ಸುತ್ತುತ್ತಿದ್ದಾಗ ಒಂದು ಅಂಗಡಿಯ ಕಿಟಕಿಯಲ್ಲಿ, ಅರ ಹಿಡಿಯಲು ಬರುವವರು ಬೇಕು ಎಂಬ ಚೀಟಿ ಕಂಡಿತು. ಏನಂಗಡಿ ಎಂದು ತಲೆಯೆತ್ತಿ ನೋಡುವ ಮೊದಲೇ ಒಳಗೆ ಹೋಗಿಬಿಟ್ಟಿದ್ದೆ.

ಯಜಮಾನರ ಹೆಸರು ಡೋನಲ್. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಹೆಸರು, ಊರು ಏನೂ ಕೇಳದೆ ಬೆರಳುದ್ದದ ಒಂದು ಉಕ್ಕಿನ ತುಂಡನ್ನೂ ಅರವನ್ನೂ ಕೈಗಿತ್ತು, "ಚೌಕ ಮಾಡು" ಎಂದರು. ಒಂದು ಗಂಟೆ ಉಜ್ಜಿದೆ. ಅವರು ಮೂಲೆಮಟ್ಟವನ್ನು ತುಂಡಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲಿಯೂ ಬೆಳಕು ಇಣುಕಲಿಲ್ಲ. "ಗ್ರ್ಯಾಂಡ್," ಎಂದರು, "ಸೋಮವಾರ ಬಾ." ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದ ಇಲ್ಲ. ಆದರೂ ನನ್ನ ಮನಸ್ಸಿನಲ್ಲಿ ಅವರು ಅವತ್ತಿನಿಂದ "ನೀವು". ಅವರ ಬಾಯಲ್ಲಿ ನಾನು "ನೀನು". ಶ್ರೀಕಂಠ ಎಂಬ ಹೆಸರು ಅವರ ನಾಲಿಗೆಗೆ ಒಗ್ಗದೆ ಬರೀ ಶ್ರೀ ಆಯಿತು.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಜನ ಪಕ್ಕದ ಕೆರಿ ಜಿಲ್ಲೆಯ ಬೆಟ್ಟಗಳಿಗೆ ಸಿಕಾ ಜಿಂಕೆಯ ಬೇಟೆಗೆ ಹೋಗುವವರು. ರಸ್ತೆ ಮುಗಿದ ಮೇಲೆ ಒಂದೆರಡು ಗಂಟೆ ಹತ್ತಬೇಕು. ಬೇಟೆ ಸಿಕ್ಕರೆ ಅದನ್ನೂ ಹೊತ್ತುಕೊಂಡು ಇಳಿಯಬೇಕು. ಅವರೆಲ್ಲರ ಬೇಡಿಕೆ ಒಂದೇ: ರೈಫಲ್ ಹಗುರ ಮಾಡಿಕೊಡಿ. ಡೋನಲ್ ಯಾವತ್ತೂ ಕೂಡಲೇ ಒಪ್ಪುತ್ತಿರಲಿಲ್ಲ. "ಬೆಟ್ಟಕ್ಕೆ ಹೋಗುವಾಗ ಬೆನ್ನಿಗೆ ಏನೇನು ಹಾಕ್ಕೋತೀರೋ ಎಲ್ಲ ತನ್ನಿ" ಎನ್ನುತ್ತಿದ್ದರು. ಅಂಗಡಿಯ ಹಿಂಭಾಗದ ತೊಲೆಯಲ್ಲಿ ಒಂದು ಕೊಕ್ಕೆತಕ್ಕಡಿ ನೇತಾಡುತ್ತಿತ್ತು. ಚೀಲವನ್ನು ಅದಕ್ಕೆ ತಗುಲಿಸಿ ತೂಕ ನೋಡುವರು. ಆಮೇಲೆ ಅದರೊಳಗಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿಸುವರು. ಎರಡೆರಡು ಫ್ಲಾಸ್ಕು, ಒಮ್ಮೆಯೂ ಹಾಕಿಕೊಳ್ಳದ ಕೋಟು, ಮೂರು ಚಾಕು, ಹೆಂಡತಿ ಕಟ್ಟಿಕೊಟ್ಟ ನಾಲ್ಕು ಜನರ ಊಟ. "ತೂಕ ಇಳಿಸೋದಾದ್ರೆ ಇಲ್ಲಿಂದ ಇಳಿಸಿ. ರೈಫಲ್ ಕೊನೇಗೆ ನೋಡೋಣ" ಎನ್ನುವರು. ಅದು ಹಳೆಯ ಕಾಲದವರ ಹಟ ಎಂದೇ ನಾನು ಎಣಿಸಿದ್ದೆ.

ಆ ಎಣಿಕೆಯೇ ನನ್ನಿಂದ ಒಂದು ದೊಡ್ಡ ತಪ್ಪು ಮಾಡಿಸಿತು.

ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ. ಡೋನಲ್ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಈಲೀನ್ ಎಂಬಾಕೆ ಅಂಗಡಿಗೆ ಬಂದರು. ಬೆಟ್ಟದ ತಪ್ಪಲಿನ ಒಂದು ಪ್ರೈಮರಿ ಶಾಲೆಯ ಮುಖ್ಯೋಪಾಧ್ಯಾಯಿನಿ. ನಮ್ಮ ವನಜಳಿಗಿಂತಲೂ ಸಣ್ಣ ಮೈಕಟ್ಟು. ತಂದೆಯಿಂದ ಬೇಟೆ ಕಲಿತವರು. ರೈಫಲ್ ಭಾರ ಎಂದರು. ಯಜಮಾನರು ಇಲ್ಲದಾಗ ನಾನೇ ಒಂದು ಒಳ್ಳೆಯ ಕೆಲಸ ಮಾಡಿ ತೋರಿಸಬೇಕು ಎಂಬ ಹುಮ್ಮಸ್ಸು ನನಗೆ. ನಳಿಗೆಯನ್ನು ನಾಲ್ಕಂಗುಲ ಕತ್ತರಿಸಿದೆ. ಭುಜಕ್ಕೆ ಒರಗುವ ಮರದ ಭಾಗ ತೆಗೆದು ಒಳಗೆ ಪೊಳ್ಳಾದ ಪ್ಲಾಸ್ಟಿಕ್ಕಿನದು ಕೂರಿಸಿದೆ. ಗುರಿ ನೋಡುವ ದುರ್ಬೀನನ್ನೂ ಬದಲಿಸಿ ಚಿಕ್ಕದು ಹಾಕಿದೆ. ಎಲ್ಲ ಸೇರಿ ಒಂದೂವರೆ ಕಿಲೋ ಇಳಿಯಿತು. ಈಲೀನ್ ಒಂದೇ ಕೈಯಲ್ಲಿ ಎತ್ತಿ, "ಅಯ್ಯೋ, ಹಕ್ಕಿ ಪುಕ್ಕ ಇದ್ದಂಗಿದೆಯಲ್ಲ!" ಎಂದು ನಕ್ಕರು. ಆ ಸಂಜೆ ನಾನು ಮನೆಗೆ ಸಿಳ್ಳೆ ಹಾಕಿಕೊಂಡು ಹೋದೆ.

ಎರಡು ವಾರದ ಮೇಲೆ ಅವರು ಮತ್ತೆ ಬಂದರು. ರೈಫಲನ್ನು ಮೇಜಿನ ಮೇಲಿಟ್ಟರು.

"ಒಂದು ಹೆಣ್ಣು ಜಿಂಕೆಗೆ ಹೊಡೆದೆ. ಸರಿಯಾದ ಕಡೆ ಬೀಳಲಿಲ್ಲ, ಹೊಟ್ಟೆಗೆ ಬಿತ್ತು" ಎಂದರು. "ಹತ್ತಿ ಬಂದಿದ್ದೆ, ಏದುಸಿರು. ನನ್ನ ಎದೆ ಒಂದೊಂದು ಸಲ ಬಡಿದಾಗಲೂ ನಳಿಗೆಯ ತುದಿ ಎಗರುತ್ತಿತ್ತು. ಕತ್ತಲಾಗೋವರೆಗೆ ಹುಡುಕಿದೆ. ಮಾರನೇ ದಿನ ನಾಯಿ ಕರ್ಕೊಂಡು ಹೋದಾಗ ಸಿಕ್ತು. ಇನ್ನೂ ಬೆಚ್ಚಗಿತ್ತು."

ಇನ್ನೂ ಬೆಚ್ಚಗಿತ್ತು ಎಂದರೆ ಏನೆಂದು ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಇಡೀ ರಾತ್ರಿ ಅದು ಬದುಕಿತ್ತು. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರು ದಿನ ನನಗೆ ಊಟ ಸೇರಲಿಲ್ಲ. ತಿನ್ನದಿದ್ದರೆ ಪಾಪ ಅಂಟುವುದಿಲ್ಲ ಎಂದು ಅದುವರೆಗೆ ನೆಮ್ಮದಿಯಾಗಿದ್ದೆ. ನನ್ನ ಅರದ ಕೆಲಸ ಒಂದು ಪ್ರಾಣಿಯ ಹೊಟ್ಟೆಯವರೆಗೂ ಹೋಗಿ ಮುಟ್ಟುತ್ತದೆ ಎಂಬುದು ಆಗ ಗೊತ್ತಾಯಿತು.

ಡೋನಲ್ ಕೆಲಸಕ್ಕೆ ಮರಳಿದ ದಿನವೇ ಎಲ್ಲ ಹೇಳಿಬಿಟ್ಟೆ. ಕೆಲಸ ಹೋಯಿತು ಎಂದುಕೊಂಡಿದ್ದೆ. ಅವರು, "ನೀನು ಬೆಟ್ಟ ಹತ್ತಿದೀಯ ಯಾವತ್ತಾದ್ರೂ?" ಎಂದು ಕೇಳಿದರು.

"ಚಾಮುಂಡಿ ಬೆಟ್ಟ ಹತ್ತಿದೀನಿ. ಮೆಟ್ಲು ಇದಾವೆ."

ಮಂಡಿ ಸರಿಹೋದ ಮೇಲೆ ಒಂದು ಭಾನುವಾರ ನನ್ನನ್ನು ಕೆರಿಯ ಬೆಟ್ಟಕ್ಕೆ ಕರೆದುಕೊಂಡು ಹೋದರು. ಒಂದು ಗುಂಡೂ ತಂದಿರಲಿಲ್ಲ. ಚೀಲ ನನ್ನ ಬೆನ್ನಿಗೆ. ನಾನು ಕತ್ತರಿಸಿದ ಈಲೀನ್ ಅವರ ರೈಫಲ್ ಅದರ ಬದಿಗೆ ಕಟ್ಟಿತ್ತು. ಡೋನಲ್ ಅವರದು ಅವರ ಭುಜದಲ್ಲಿ. ಜವುಗು ಹುಲ್ಲು, ಹೆಜ್ಜೆ ಇಟ್ಟಲ್ಲೆಲ್ಲ ಕಾಲು ಹೂತುಕೊಳ್ಳುತ್ತದೆ. ಒಂದು ಗಂಟೆಯಲ್ಲಿ ನನ್ನ ಎದೆ ಒಡೆದುಹೋಗುವ ಹಾಗಾಯಿತು. ಏರಿನ ತುದಿ ತಲುಪಿದ್ದೇ, "ಮಲಗು, ಆ ಬಿಳಿ ಕಲ್ಲಿಗೆ ಗುರಿಯಿಡು" ಎಂದರು. ಖಾಲಿ ರೈಫಲ್ಲು. ಈಲೀನ್ ಅವರದರಲ್ಲಿ ನೋಡಿದರೆ ಕಲ್ಲು ನೀರಿನಲ್ಲಿ ತೇಲುವ ಹಾಗೆ ಕುಣಿಯಿತು. ಆಮೇಲೆ ಅವರದನ್ನು ಕೊಟ್ಟರು. ಆಕ್ರೋಟು ಮರದ್ದು, ದಪ್ಪ ನಳಿಗೆ, ದುರ್ಬೀನು ಸೇರಿ ನಾಲ್ಕು ಕಿಲೋ ಎಂಟುನೂರು ಗ್ರಾಂ. ಅದರಲ್ಲಿ ಕಲ್ಲು ನಿಂತಿತು. ನನ್ನ ಎದೆ ಬಡಿದುಕೊಳ್ಳುತ್ತಲೇ ಇತ್ತು, ಕಲ್ಲು ಮಾತ್ರ ನಿಂತಿತ್ತು.

"ಇಷ್ಟು ದಿನ ನೀನು ಅಂಗಡಿ ನೆಲದ ಮೇಲೆ ನಿಂತು ತೂಕ ನೋಡ್ತಿದ್ದೆ" ಎಂದರು ಡೋನಲ್. "ಹತ್ತುವಾಗ ಶತ್ರು, ಮಲಗಿದಾಗ ಸ್ನೇಹಿತ. ಎರಡೂ ಒಂದೇ ತೂಕವೇ."

ಈಲೀನ್ ಅವರಿಗೆ ಹೊಸ ನಳಿಗೆ ಹಾಕಿಕೊಟ್ಟೆವು, ಭಾರದ್ದೇ. ಅವರ ಚೀಲದಿಂದ ಎರಡು ಕಿಲೋ ತೆಗೆದೆವು: ಕೈಯಲ್ಲಿ ಹಿಡಿದು ನೋಡುವ ಹಿತ್ತಾಳೆಯ ಹಳೆಯ ದುರ್ಬೀನು, ದಪ್ಪನೆಯ ಮುಕ್ಕಾಲಿ, ಇನ್ನೊಂದು ಜೊತೆ ಬೂಟು. ಆಮೇಲೆ ಹದಿನಾರು ವರ್ಷ ಅವರು ನಮ್ಮ ಅಂಗಡಿ ಬಿಟ್ಟು ಬೇರೆಲ್ಲಿಯೂ ಹೋಗಲಿಲ್ಲ. ಕ್ರಿಸ್‌ಮಸ್‌ಗೆ ನನಗೊಬ್ಬನಿಗೆಂದೇ ಮೊಟ್ಟೆಯಿಲ್ಲದ ಕೇಕ್ ಮಾಡಿ ತರುತ್ತಿದ್ದರು.

ಈ ಕೆಲಸದ ರೀತಿನೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ಮರ ಹೋಗಿ ಕಾರ್ಬನ್ ಫೈಬರ್ ಬಂತು. ಸೈಲೆನ್ಸರ್ ಟೈಟೇನಿಯಂನದಾಯಿತು. ಗಾಳಿ ಎಷ್ಟು, ಗುಂಡು ಎಷ್ಟು ಇಳಿಯುತ್ತದೆ ಎಂಬುದನ್ನೆಲ್ಲ ಫೋನೇ ಹೇಳತೊಡಗಿತು. ಊರಂಚಿನ ಹಾಲಿಹಿಲ್‌ನ ದೊಡ್ಡ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ತನ್ನ ಸಾಮಾನನ್ನೆಲ್ಲ ಗ್ರಾಂ ಲೆಕ್ಕದಲ್ಲಿ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಂದಿದ್ದ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಅರ್ಧಕ್ಕೆ ಮುರಿದಿದ್ದಾನಂತೆ. ಡೋನಲ್ ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಅವನ ಹೊಟ್ಟೆಯ ಕಡೆ ಬೆರಳು ತೋರಿಸಿ, "ಇದನ್ನ ಎಲ್ಲಿ ಬರೆದಿದೀಯ?" ಎಂದರು. ಅವನು ನಕ್ಕುಬಿಟ್ಟ, ಪುಣ್ಯಕ್ಕೆ. ಮುಂದೆ ನಮ್ಮ ಒಳ್ಳೆಯ ಗಿರಾಕಿಯಾದ. ಹೊಸ ಸಾಮಾನಿನ ಮೇಲೆ ನನಗೆ ಸಿಟ್ಟಿಲ್ಲ. ಕಾರ್ಬನ್ ಒಳ್ಳೆಯದೇ, ಮಳೆಗೆ ಊದಿಕೊಳ್ಳುವುದಿಲ್ಲ. ಕೊಳ್ಳುವ ಮೊದಲು ಒಮ್ಮೆ ಹೊತ್ತು ನೋಡಿ, ಉಸಿರು ಕಟ್ಟಿದಾಗ ಮಲಗಿ ನೋಡಿ ಎಂದಷ್ಟೇ ನಾನು ಹೇಳುವುದು.

ಆಮೇಲೆ ಕೋವಿಡ್ ಬಂತು.

ಮೊದಲ ಲಾಕ್‌ಡೌನ್‌ನಲ್ಲಿ ಅಂಗಡಿಗೆ ಬೀಗ ಬಿತ್ತು. ಎಪ್ಪತ್ತು ದಾಟಿದವರು ಮನೆಯಿಂದ ಹೊರಗೇ ಬರಬಾರದು ಎಂದರು. ಡೋನಲ್ ಅವರ ಹೆಂಡತಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಒಬ್ಬಳೇ ಮಗಳು ಮೇವ್ ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ. ನಾನು ವಾರಕ್ಕೆರಡು ಸಲ ಸಾಮಾನು ತಂದು ಅವರ ಬಾಗಿಲ ಮುಂದಿಟ್ಟು ದೂರ ನಿಲ್ಲುತ್ತಿದ್ದೆ. ಅಷ್ಟು ಎಚ್ಚರವಿದ್ದರೂ ಅವರಿಗೆ ಅದು ಬಂತು. ವನಜ ಇದ್ದ ಆಸ್ಪತ್ರೆಯಲ್ಲೇ, ಬೇರೆ ವಾರ್ಡಿನಲ್ಲಿ, ಐದು ವಾರ ಮಲಗಿದರು. ಯಾರಿಗೂ ನೋಡಲು ಬಿಡುತ್ತಿರಲಿಲ್ಲ. ವನಜ ತನ್ನ ಡ್ಯೂಟಿ ಮುಗಿದ ಮೇಲೆ, ಆ ವಾರ್ಡಿನವರನ್ನು ಕೇಳಿಕೊಂಡು, ಫೋನನ್ನು ಅವರ ಕಿವಿಗೆ ಹಿಡಿದು ನಿಲ್ಲುತ್ತಿದ್ದಳು. ಆ ಕಡೆಯಿಂದ ಮೇವ್ ಮಾತಾಡುತ್ತಿದ್ದಳು. ಹನ್ನೆರಡು ಗಂಟೆ ನಿಂತು ದುಡಿದ ಕಾಲಿನಲ್ಲಿ ಇನ್ನೂ ಅರ್ಧ ಗಂಟೆ. ಅದನ್ನು ವನಜ ನನಗೆ ಹೇಳಿರಲಿಲ್ಲ, ಮೇವ್ ಹೇಳಿದಳು.

ಅವರು ಬದುಕಿ ಬಂದರು. ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಬೇಸಿಗೆಯಲ್ಲಿ ಅಂಗಡಿ ತೆಗೆದೆವು. ಕೌಂಟರಿಗೆ ಪ್ಲಾಸ್ಟಿಕ್ ಪರದೆ, ಮುಖಕ್ಕೆ ಮಾಸ್ಕು. ಆಗಸ್ಟ್‌ನ ಒಂದು ಮಧ್ಯಾಹ್ನ ಡೋನಲ್ ಬಂದರು. ಶರ್ಟು ಹ್ಯಾಂಗರಿಗೆ ತೂಗುಹಾಕಿದಂತಿತ್ತು. ತಮ್ಮದೇ ರೈಫಲನ್ನು ನನ್ನ ಮುಂದಿಟ್ಟರು. ಐವತ್ತು ವರ್ಷ ಹೊತ್ತದ್ದು.

"ಶ್ರೀ, ಇದನ್ನ ಮೂರು ಕಿಲೋಗೆ ಇಳಿಸು."

ತಮಾಷೆ ಎಂದುಕೊಂಡೆ. "ಮೊದ್ಲು ಚೀಲ ತನ್ನಿ" ಎಂದೆ, ಅವರದೇ ಧಾಟಿಯಲ್ಲಿ.

ಅವರು ನಗಲಿಲ್ಲ. "ಚೀಲದಲ್ಲಿ ಒಂದು ಚಾಕು, ಒಂದು ಹಗ್ಗ, ಒಂದು ಸ್ಯಾಂಡ್‌ವಿಚ್ ಇದೆ. ಅದ್ರಲ್ಲಿ ಏನು ತೆಗೀತೀಯ?" ಮಾತಿನ ಮಧ್ಯೆ ಎರಡು ಸಲ ಉಸಿರೆಳೆದುಕೊಂಡರು. "ಸೆಪ್ಟೆಂಬರ್‌ನಲ್ಲಿ ಗಂಡು ಜಿಂಕೆ ಸೀಸನ್ ಶುರು. ಮತ್ತೆ ಎಲ್ಲ ಮುಚ್ತಾರೆ ಅಂತಿದಾರೆ. ಅಷ್ಟರೊಳಗೆ ಒಂದು ಸಲ ಹತ್ತಬೇಕು. ನಳಿಗೆ ಕತ್ತರಿಸು. ಮರ ತೆಗೆದುಹಾಕು."

ಸರಿ ಎಂದೆ. ಬೇರೇನು ಹೇಳಲಿ? ರೈಫಲನ್ನು ಮೇಜಿಗೆ ಜೋಡಿಸಿದ ವೈಸ್‌ನ ದವಡೆಗೆ ಬಿಗಿದೆ, ಎಲ್ಲಿ ಕತ್ತರಿಸಬೇಕೋ ಅಲ್ಲಿ ಗುರುತೂ ಹಾಕಿದೆ. ನಾಲ್ಕು ದಿನ ಆ ಗುರುತನ್ನು ನೋಡಿಕೊಂಡೇ ಕೂತೆ. ಆ ಉಸಿರಿಗೆ ಆ ಹಗುರ ರೈಫಲ್ ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನನಗೆ ಕಲಿಸಿದವರೇ ಅವರು.

ಅಡುಗೆಮನೆಯಲ್ಲಿ ವನಜಳಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಕೆಳಗಿಟ್ಟಳು.

"ಅವ್ರು ಬೆಟ್ಟ ಹತ್ತೋದಾ? ಡಾಕ್ಟ್ರು ಸಮನೆಲದ ಮೇಲೆ ನಡೀರಿ ಅಂದಿರೋದು. ರೀ, ನಿಮಗೇನ್ ತಲೆ ಕೆಟ್ಟಿದ್ಯಾ?"

"ನಾನು ಬೇಡ ಅಂದ್ರೆ ನಿಲ್ತಾರಾ? ಬೇರೆ ಅಂಗಡಿಗೆ ಹೋಗಿ ಮಾಡಿಸ್ಕೋತಾರೆ."

ಮಗಳು ಸಿರಿ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಡ್ಯಾಡ್, ಜಸ್ಟ್ ಗೋ ವಿತ್ ಹಿಮ್, ಲೈಕ್" ಎಂದಳು. ಕಾರ್ಕ್‌ನಲ್ಲಿ ಬೆಳೆದ ಮಕ್ಕಳ ಮಾತು ಹಾಗೆಯೇ, ರಾಗ ಎಳೆದು.

ವನಜ ಊಟ ಬಡಿಸಿದ ಮೇಲೆ, ತನ್ನ ಬ್ಯಾಗಿನಿಂದ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ ತಂದು ನನ್ನ ತಟ್ಟೆಯ ಪಕ್ಕಕ್ಕಿಟ್ಟಳು. "ಐವತ್ತು ಹೆಜ್ಜೆಗೊಂದ್ಸಲ ನೋಡಿ. ಎಂಬತ್ತೆಂಟಕ್ಕಿಂತ ಕೆಳಗೆ ಬಂದ್ರೆ ಕೂರಿಸಿ. ಹತ್ ನಿಮಿಷದಲ್ಲಿ ತೊಂಬತ್ತೆರಡಕ್ಕೆ ಬರ್ಲಿಲ್ವಾ, ವಾಪಸ್. ಜಿಂಕೆ ಎದುರಿಗೆ ನಿಂತಿದ್ರೂ ವಾಪಸ್. ಮಾತು ಕೊಡಿ." ಕೊಟ್ಟೆ. ಅವಳ ಕಣ್ಣು ಕೆಂಪಾಗಿತ್ತು. ಆ ವರ್ಷ ಅವಳು ಎಷ್ಟು ಜನರ ಉಸಿರು ನಿಲ್ಲುವುದನ್ನು ನೋಡಿದ್ದಳೋ, ನಾನು ಕೇಳಲಿಲ್ಲ.

ಮರುದಿನ ಡೋನಲ್‌ಗೆ ಹೇಳಿದೆ. "ನಾನು ಕತ್ತರಿಸಲ್ಲ."

"ಇದು ನನ್ನ ಅಂಗಡಿ ಶ್ರೀ."

"ಹೌದು. ಆದ್ರೂ ಕತ್ತರಿಸಲ್ಲ. ರೈಫಲ್ ಹೇಗಿದೆಯೋ ಹಾಗೇ ಇರ್ಲಿ. ಉಳಿದದ್ದೆಲ್ಲ ನಾನು ಹೊರ್ತೀನಿ. ಈಲೀನ್‌ಗೂ ಹೇಳಿದೀನಿ, ಅವರೂ ಬರ್ತಾರೆ."

ಇಪ್ಪತ್ತು ವರ್ಷದಲ್ಲಿ ಅವರಿಗೆ ಇಲ್ಲ ಎಂದದ್ದು ಅದೇ ಮೊದಲು. ಅವರ ಕಿವಿ ಕೆಂಪಗಾಯಿತು. ರೈಫಲನ್ನು ಎತ್ತಿಕೊಂಡು ಹೊರಟುಹೋದರು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಅವರೇ ಮಾಡಿದರು. "ಸೀಸನ್ ಶುರುವಾದ ಎರಡನೇ ಶನಿವಾರ. ಬೆಳಿಗ್ಗೆ ಏಳಕ್ಕೆ" ಎಂದರು. ಫೋನ್ ಇಡುವ ಮೊದಲು, "ನಿನ್ನ ಬೂಟು ಚೆನ್ನಾಗಿದೆಯಾ?" ಎಂದರು.

ಆ ಶನಿವಾರ ಮೋಡ ಮೇಲಕ್ಕೇರಿತ್ತು, ಗಾಳಿ ಅಷ್ಟಾಗಿ ಇರಲಿಲ್ಲ. ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಮಾಸ್ಕ್ ಹಾಕಿಕೊಂಡು, ಚಳಿಯಲ್ಲಿ ನಡುಗುತ್ತ ಕೆರಿಗೆ ಹೋದೆವು. ಈಲೀನ್ ತಮ್ಮ ಕಾರಿನಲ್ಲಿ ಬಂದು ಕಾಡಿನ ಗೇಟಿನ ಹತ್ತಿರ ಕಾಯುತ್ತಿದ್ದರು. ಅವರಿಗೂ ಆಗಲೇ ನಿವೃತ್ತಿಯಾಗಿತ್ತು. ಅವರು ತಮ್ಮ ರೈಫಲ್ ತಂದಿರಲಿಲ್ಲ. "ಇವತ್ತು ನಾನು ಕೂಲಿ" ಎಂದರು. ಹಗ್ಗ, ಚಾಕು, ಮಾಂಸದ ಚೀಲ, ನೀರು, ಚಹಾ, ಕುಳಿತುಕೊಳ್ಳಲು ಚಾಪೆ, ಹೆಚ್ಚಿನ ಸ್ವೆಟರುಗಳು ಎಲ್ಲವನ್ನೂ ನಾವಿಬ್ಬರು ಹಂಚಿಕೊಂಡೆವು. ಡೋನಲ್ ಭುಜಕ್ಕೆ ರೈಫಲ್ ಮಾತ್ರ. ಅದನ್ನು ಅವರು ಬಿಟ್ಟುಕೊಡಲಿಲ್ಲ.

ಮುಂಚೆ ಅವರು ನಲವತ್ತು ನಿಮಿಷದಲ್ಲಿ ಹತ್ತುತ್ತಿದ್ದ ಏರು ಅದು. ನಾವು ಐವತ್ತು ಹೆಜ್ಜೆ ಇಡುವುದು, ನಿಲ್ಲುವುದು, ಬೆರಳಿಗೆ ಯಂತ್ರ. ತೊಂಬತ್ತಮೂರು. ತೊಂಬತ್ತೊಂದು. ತೊಂಬತ್ತು. ಒಂದು ಗಂಟೆಯ ಮೇಲೆ, ಕಡಿದಾದ ಜಾಗದಲ್ಲಿ, ಅವರ ತುಟಿ ಬೂದಿ ಬಣ್ಣಕ್ಕೆ ತಿರುಗಿತು. ಯಂತ್ರ ನೋಡಿದೆ.

"ಎಷ್ಟು?" ಎಂದರು.

ಸುಳ್ಳು ಹೇಳಬೇಕೆನ್ನಿಸಿತು. ತುದಿ ಕಾಣುತ್ತಿತ್ತು.

"ಎಂಬತ್ತಾರು. ಕೂತ್ಕೊಳ್ಳಿ."

ಚಾಪೆ ಹಾಸಿ ಕೂರಿಸಿದೆವು. ಈಲೀನ್ ಅವರ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಕೂತರು, ಒರಗಿಕೊಳ್ಳಲಿ ಎಂದು. ಡೋನಲ್ ಕೆಳಗಿನ ಕಣಿವೆಯನ್ನೇ ನೋಡುತ್ತಿದ್ದರು. ಹತ್ತು ನಿಮಿಷ ಎಷ್ಟು ಉದ್ದ ಎಂದು ನನಗೆ ಅವತ್ತು ಗೊತ್ತಾಯಿತು. ಎಂಬತ್ತೆಂಟು. ತೊಂಬತ್ತು. ಅಲ್ಲೇ ನಿಂತಿತು. ಒಂಬತ್ತನೇ ನಿಮಿಷದಲ್ಲಿ ತೊಂಬತ್ತೊಂದು. ಮನಸ್ಸಿನಲ್ಲಿ ವನಜಳನ್ನು ನೆನೆದು, ಇಳಿಯೋಣ ಎನ್ನಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ತೊಂಬತ್ತೆರಡು ಬಂತು.

ಡೋನಲ್ ಎದ್ದು ನಿಂತರು. ಭುಜದ ಪಟ್ಟಿಯನ್ನು ನಿಧಾನವಾಗಿ ಬಿಡಿಸಿದರು. ಗುಂಡಿಲ್ಲ ಎಂಬುದನ್ನು ತೆರೆದು ತೋರಿಸಿ, ರೈಫಲನ್ನು ನನ್ನ ಕಡೆ ಚಾಚಿದರು. ಬೆಟ್ಟದ ಮೇಲೆ ಆ ರೈಫಲನ್ನು ಅವರು ತಮ್ಮ ಸ್ವಂತ ಅಣ್ಣನ ಕೈಗೂ ಹೊರಲು ಕೊಟ್ಟವರಲ್ಲ. ನಾನು ತೆಗೆದುಕೊಂಡೆ. ಲೈಸೆನ್ಸ್ ಇದ್ದವರ ಜೊತೆಗಿದ್ದು, ಅವರಿಗಾಗಿ ಹೊರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅವರು ಖಾಲಿ ಕೈಯಲ್ಲಿ ಹೊರಟರು. ಮೊದಲ ಐವತ್ತು ಹೆಜ್ಜೆ ಕೈಗಳನ್ನು ಏನು ಮಾಡುವುದೆಂದು ತಿಳಿಯದವರ ಹಾಗೆ ನಡೆದರು. ಆಮೇಲೆ ಯಂತ್ರ ಎಂಬತ್ತೊಂಬತ್ತಕ್ಕಿಂತ ಕೆಳಗೆ ಇಳಿಯಲಿಲ್ಲ.

ತುದಿಯಲ್ಲಿ ಕಲ್ಲುಗಳ ಮರೆಗೆ ಮಲಗಿದರು. ನನ್ನ ಚೀಲವನ್ನೇ ಮಡಚಿ ರೈಫಲ್ಲಿಗೆ ಆಸರೆ ಮಾಡಿಕೊಟ್ಟೆ. ಉಸಿರು ಹದಕ್ಕೆ ಬರಲು ಇಪ್ಪತ್ತು ನಿಮಿಷ ಬೇಕಾಯಿತು. ಆ ಹೊತ್ತಿನಲ್ಲಿ ಒಂದು ಗಂಡು ಜಿಂಕೆ ಎದುರಿಗೇ ಬಂದು, ನಿಂತು, ಹೋಯಿತು. ಡೋನಲ್ ಬೆರಳು ಚಾಚಲಿಲ್ಲ. "ಇನ್ನೂ ಇಲ್ಲ" ಎಂದರು, ತಮಗೆ ತಾವೇ. ಅರ್ಧ ಗಂಟೆಯ ಮೇಲೆ ಕಣಿವೆಯ ಆಚೆಯಿಂದ ಒಂದು ಸಿಳ್ಳು ಕೇಳಿಸಿತು. ಸಿಕಾ ಗಂಡು ಕೂಗುವುದೇ ಹಾಗೆ, ಬಾಗಿಲಿನ ತಿರುಗಣೆ ಕಿರ್ರೆಂದಂತೆ. ಹಳದಿ ಹುಲ್ಲಿನಿಂದ ಅದು ಹೊರಬಂತು. ನೂರಿಪ್ಪತ್ತು ಗಜ ಇರಬಹುದು. ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ. ಅದರ ಮೂಗಿನ ಹಬೆ ಕೂಡ ಕಾಣುತ್ತಿತ್ತು.

ಒಂದೇ ಗುಂಡು. ಅದು ನಿಂತಲ್ಲೇ ಕುಸಿಯಿತು. ಕಾಲು ಕೂಡ ಒದೆಯಲಿಲ್ಲ.

ಡೋನಲ್ ಟೋಪಿ ತೆಗೆದು ಹುಲ್ಲಿನ ಮೇಲಿಟ್ಟರು. ಈಲೀನ್ ನನ್ನ ತೋಳು ಹಿಡಿದುಕೊಂಡರು. ನನಗೆ ಅಳು ಬಂತು. ಜಿಂಕೆಗಾಗಿಯೋ ಡೋನಲ್‌ಗಾಗಿಯೋ ಹೇಳಲಾರೆ. ಅದು ನರಳಲಿಲ್ಲ. ಈ ಕೆಲಸದಲ್ಲಿ ನನ್ನ ಪಾಲಿಗೆ ಬಂದ ಹೊಣೆ ಅಷ್ಟೇ. ಅದು ಅವತ್ತು ನೆರವೇರಿತ್ತು.

ಮಾಂಸವನ್ನು ಈಲೀನ್ ಬಿಡಿಸಿದರು. ಇಳಿಯುವಾಗ ರೈಫಲನ್ನು ಡೋನಲ್ ಮತ್ತೆ ಭುಜಕ್ಕೇರಿಸಿಕೊಂಡರು. ಹಿಂದಿನ ತೊಡೆಗಳೆರಡೂ ನನ್ನ ಪಾಲಿಗೆ ಬಂದವು. ಹುಟ್ಟಿದ ಮೇಲೆ ಮಾಂಸ ಮುಟ್ಟದವನು, ಹದಿನೈದು ಕಿಲೋದಷ್ಟನ್ನು ಬೆನ್ನಿಗೆ ಹೇರಿಕೊಂಡು ಇಳಿದೆ. ಚೀಲದ ಬಟ್ಟೆ ದಾಟಿ ಅದರ ಬಿಸಿ ನನ್ನ ಬೆನ್ನಿಗೆ ತಾಕುತ್ತಿತ್ತು. ಒಂದು ಮಗುವನ್ನು ಉಪ್ಪುಮೂಟೆ ಹೊತ್ತ ಹಾಗೆ. ಅಸಹ್ಯ ಆಗಬಹುದೆಂದುಕೊಂಡಿದ್ದೆ. ಆಗಲಿಲ್ಲ. ಎಡವಬಾರದು, ಬೀಳಿಸಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಕೋವಿಡ್ ಶುರುವಾದ ಆ ಆರು ತಿಂಗಳು ನಮ್ಮ ಮನೆಯಲ್ಲಿ ಆಸ್ಪತ್ರೆಯಿಂದ ಬಂದ ವನಜ ಯಾರನ್ನೂ ಮುಟ್ಟದೆ ಸೀದಾ ಸ್ನಾನಕ್ಕೆ ಹೋಗುತ್ತಿದ್ದಳು. ಅವತ್ತು ಅವಳೇ ಬಾಗಿಲಲ್ಲಿ ನಿಂತು, "ಇವತ್ತು ನೀವು ಮೊದ್ಲು ಸ್ನಾನಕ್ಕೆ ಹೋಗಿ" ಎಂದಳು. ನಾನು ಹೊರಬರುವ ವೇಳೆಗೆ, ಬೆನ್ನಿನ ಮೇಲೆ ರಕ್ತದ ಕಲೆಯಿದ್ದ ನನ್ನ ಶರ್ಟನ್ನು ತಣ್ಣೀರಿನಲ್ಲಿ ನೆನೆಹಾಕಿದ್ದಳು. "ಎಷ್ಟಕ್ಕಿಳೀತು?" ಎಂದಳು. "ಎಂಬತ್ತಾರು. ಒಂದೇ ಸಲ" ಎಂದೆ. "ಹ್ಞೂಂ" ಎಂದು ಅನ್ನ ಬಡಿಸಿದಳು.

ಮೂರು ವಾರ ಕಳೆಯುವಷ್ಟರಲ್ಲಿ ಸರ್ಕಾರದವರು ಜಿಲ್ಲೆ ದಾಟಬಾರದು ಎಂದರು. ಆಮೇಲೆ ಐದು ಕಿಲೋಮೀಟರು ದಾಟಬಾರದು ಎಂದರು. ಅದಕ್ಕೂ ಮೊದಲೇ ಮೇವ್ ಬಂದು ಡೋನಲ್ ಅವರನ್ನು ಲೂಕನ್‌ಗೆ ಕರೆದುಕೊಂಡು ಹೋದಳು. ಅಂಗಡಿ ಬೇರೆಯವರ ಕೈಗೆ ಹೋಯ್ತು. ನಾನು ಆ ಹೊಸಬರ ಹತ್ತಿರ ಇನ್ನೊಂದು ವರ್ಷ ಕೆಲಸ ಮಾಡಿ ನಿಲ್ಲಿಸಿದೆ. ಆ ಚಳಿಗಾಲವೆಲ್ಲ ಡೋನಲ್ ಮತ್ತು ನಾನು ಫೋನಿನಲ್ಲೇ. ಅವರು ಹವೆ ಕೇಳುವರು, ನಾನು ಉಸಿರು ಕೇಳುವೆ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಜಿಲ್ಲೆ ದಾಟಲು ಬಿಟ್ಟ ಮೊದಲ ವಾರವೇ ಲೂಕನ್‌ಗೆ ಹೋದೆ. ಸಾಲು ಸಾಲು ಜೋಡಿಮನೆಗಳು. ಮೇವ್‌ಳ ಪಕ್ಕದ ಮನೆ ದಾವಣಗೆರೆಯವರದು. ಅವರು ಬೇಲಿಯ ಮೇಲಿಂದ ಕೊಟ್ಟ ಚಿತ್ರಾನ್ನದ ಡಬ್ಬಿ ಮೇಜಿನ ಮೇಲಿತ್ತು. ಡೋನಲ್ ಅದನ್ನು ತೋರಿಸಿ, "ಇಪ್ಪತ್ತು ವರ್ಷ ಇದನ್ನ ನನ್ನಿಂದ ಬಚ್ಚಿಟ್ಟಿದ್ಯಲ್ಲೋ" ಎಂದರು. ಹಿತ್ತಲಿನಲ್ಲಿ ಎರಡು ಕುರ್ಚಿ ದೂರ ದೂರ ಹಾಕಿಕೊಂಡು ಕೂತೆವು. ಅವರು ಹೇಳಿದರು.

"ಅವತ್ತು ನೀನು ನಳಿಗೆ ಕತ್ತರಿಸಿಕೊಟ್ಟಿದ್ರೆ ನಾನು ಒಬ್ಬನೇ ಹೋಗ್ತಿದ್ದೆ, ಗೊತ್ತಾ?"

"ಗೊತ್ತಿತ್ತು."

"ಇಲ್ಲ, ನಿನಗೆ ಪೂರ್ತಿ ಗೊತ್ತಿರಲಿಲ್ಲ. ಎಲ್ಲೋ ಅರ್ಧದಲ್ಲಿ ಕೂತುಬಿಡ್ತಿದ್ದೆ. ವಾಪಸ್ ಬರೋ ಯೋಚನೆ ಅಷ್ಟಾಗಿ ಇರಲಿಲ್ಲ." ಅವರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. "ಜೊತೆಗೆ ಬಾ ಅಂತ ಕೇಳೋಕೆ ನಾಚಿಕೆ ಆಯ್ತು ಶ್ರೀ. ರೈಫಲ್ ಹಗುರ ಮಾಡು ಅನ್ನೋದು ಸುಲಭ."

ಎಷ್ಟೋ ಗಿರಾಕಿಗಳು ಕಣ್ಣ ಮುಂದೆ ಬಂದರು. ಚೀಲದಲ್ಲಿ ಏನಿದೆ ಎಂದು ಎಲ್ಲರನ್ನೂ ಕೇಳಿದ್ದೆ. ಜೊತೆಗೆ ಯಾರು ಬರುತ್ತಾರೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಈ ಕೆಲಸಕ್ಕೆ ಬರುವವರೇ, ನೀವು ಕೇಳಿ.

ಮೇವ್ ಒಳಗಿನಿಂದ, ಅಪ್ಪ ನಡೆಯುವ ಹೊತ್ತಾಯಿತು ಎಂದು ಕೂಗಿದಳು. ಹತ್ತಿರದ ಪಾರ್ಕಿಗೆ ಹೊರಟೆವು. ಸಮನೆಲ, ಡಾಂಬರಿನ ದಾರಿ, ಸೈಕಲ್ ತುಳಿಯುವ ಮಕ್ಕಳು. ಎರಡನೇ ಬೆಂಚು ದಾಟಿದ ಮೇಲೆ ಅವರು ನಿಂತರು. ಒಮ್ಮೆ ಉಸಿರೆಳೆದುಕೊಂಡು, ಮೊಣಕೈಯನ್ನು ನನ್ನ ಕಡೆ ಸ್ವಲ್ಪ ಚಾಚಿ, "ಶ್ರೀ, ಹಿಡ್ಕೋ ಸ್ವಲ್ಪ" ಎಂದರು.

ಹಿಡಿದುಕೊಂಡೆ. ನಿಧಾನವಾಗಿ ಪಾರ್ಕನ್ನು ಪೂರ್ತಿ ಒಂದು ಸುತ್ತು ಹಾಕಿದೆವು.